ಮೊದಲ ಪೋಸ್ಟಿಂಗ್‌ಗೆ ಹೊರಟ ಮನಃಶಾಸ್ತ್ರದ ಮಕ್ಕಳು: ಗಡಿಯ ರೋಗಿಗೆ ಅವನ ಮಾತು ಬಲ್ಲವರು ಬೇಕು

ಸೊಲ್ಲಾಪುರ: ಎಂ.ಎ. ಸೈಕಾಲಜಿ ಓದುವ ಮಕ್ಕಳಿರುವ ಗಡಿಭಾಗದ ಮನೆಗಳಲ್ಲಿ ಎರಡನೇ ವರ್ಷ ಬಂತೆಂದರೆ ಒಂದು ಮಾತು ಏಳುತ್ತದೆ. ಇಷ್ಟು ದಿನ ಪುಸ್ತಕ, ಪರೀಕ್ಷೆ ಎಂದು ಸುಮ್ಮನಿದ್ದ ತಂದೆ-ತಾಯಿಗಳಿಗೆ ಕಾಲೇಜಿನಿಂದ ಒಂದು ಪತ್ರ ಬರುತ್ತದೆ. ವಿದ್ಯಾರ್ಥಿ ಇಷ್ಟು ವಾರ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೆಲಸ ಕಲಿಯಬೇಕು, ಪಾಲಕರ ಒಪ್ಪಿಗೆ ಇರಲಿ ಎಂಬುದು ಅದರ ಸಾರಾಂಶ. ಕಾಲೇಜಿನವರು ಅದಕ್ಕೆ ಕ್ಲಿನಿಕಲ್ ಪ್ಲೇಸ್‌ಮೆಂಟ್ ಎನ್ನುತ್ತಾರೆ, ಮಕ್ಕಳು ಪೋಸ್ಟಿಂಗ್ ಎನ್ನುತ್ತಾರೆ. ಊರಿನವರ ಬಾಯಲ್ಲಿ ಮಾತ್ರ ಅದು ಇನ್ನೂ 'ಹುಚ್ಚರ ದವಾಖಾನಿ'.

ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರ ವಿದ್ಯಾರ್ಥಿನಿಯೊಬ್ಬಳು ಈ ವರ್ಷ ಇಂಥ ಪೋಸ್ಟಿಂಗ್‌ಗೆ ಹೊರಟಿದ್ದಾಳೆ. ಹತ್ತನೇ ಇಯತ್ತೆಯವರೆಗೆ ಕನ್ನಡ ಮಾಧ್ಯಮ, ಮುಂದೆ ಜೂನಿಯರ್ ಕಾಲೇಜಿನಲ್ಲಿ ಮರಾಠಿ, ಈಗ ಎಂ.ಎ. ಪುಸ್ತಕಗಳೆಲ್ಲ ಇಂಗ್ಲಿಷ್. ಮನೆತನದಲ್ಲಿ ಇಷ್ಟು ಓದಿದವಳು ಇವಳೇ ಮೊದಲು. ಹೆಸರು, ಊರು ಹಾಕಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ. ತಂದೆಯ ಚಿಂತೆ ಒಂದೇ ಮಾತಿನಲ್ಲಿ ಹೊರಬಂತು. "ಬೀಗರು ಬಂದು ಮಗಳು ಎಲ್ಲಿ ಅಂತ ಕೇಳಿದ್ರ ಏನ್ ಹೇಳೋದ್ರಿ? ಹುಚ್ಚರ ದವಾಖಾನ್ಯಾಗ ಅದಾಳ ಅಂತ ಹೇಳೋದೇನು?" ಅದಕ್ಕೆ ಮಗಳು ನಕ್ಕು, "ಕಲೀಲಾಕ ಹೋಗ್ಯಾಳ ಅಂತ ಹೇಳಪ್ಪ" ಅಂದಳು. ತಂದೆಗೆ ನಗು ಬರಲಿಲ್ಲ.

ಇಂಥ ಮನೆಗಳಿಗೂ, ಬ್ಯಾಗ್ ಕಟ್ಟಿಕೊಳ್ಳುತ್ತಿರುವ ಮಕ್ಕಳಿಗೂ ಉಪಯೋಗ ಆಗಲೆಂದು ಈ ವಿಷಯದ ಒಳಹೊರಗು ತಿಳಿದು ಬರೆದ ಲೇಖನ ಇದು.

ಡಾಕ್ಟರ ಬೇರೆ, ಸೈಕಾಲಜಿಸ್ಟ ಬೇರೆ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗದಲ್ಲಿ ಎಂ.ಡಿ. ಮಾಡಿದವರು ಸೈಕಿಯಾಟ್ರಿಸ್ಟ್, ಅಂದರೆ ಮನೋರೋಗ ತಜ್ಞ ವೈದ್ಯರು. ಗುಳಿಗೆ ಬರೆಯುವವರು ಅವರು. ಸೈಕಾಲಜಿ ಓದಿದವರು ಗುಳಿಗೆ ಬರೆಯುವುದಿಲ್ಲ. ರೋಗಿಯ ಪೂರ್ವವೃತ್ತಾಂತ ಬರೆದುಕೊಳ್ಳುವುದು, ಬುದ್ಧಿಶಕ್ತಿ ಹಾಗೂ ವ್ಯಕ್ತಿತ್ವದ ಪರೀಕ್ಷೆ ಮಾಡುವುದು, ಮಾತಿನ ಮೂಲಕ ಚಿಕಿತ್ಸೆ ಕೊಡುವುದು ಅವರ ಕೆಲಸ.

ಎಂ.ಎ. ಆದ ಕೂಡಲೇ ಬಾಗಿಲಿಗೆ 'ಕ್ಲಿನಿಕಲ್ ಸೈಕಾಲಜಿಸ್ಟ್' ಎಂದು ಬೋರ್ಡ್ ಹಾಕುವಂತಿಲ್ಲ. 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಆಗಬೇಕು. ಅದಕ್ಕೆ ಬಹಳ ವರ್ಷ ಎಂ.ಎ. ನಂತರ 2 ವರ್ಷದ ಎಂ.ಫಿಲ್. ಮುಖ್ಯ ದಾರಿಯಾಗಿತ್ತು. ಹೊಸ ಶಿಕ್ಷಣ ನೀತಿಯ ಹಿನ್ನೆಲೆಯಲ್ಲಿ ಯುಜಿಸಿ 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿಗೆ ಮಾತ್ರ 2025-26ರ ಶೈಕ್ಷಣಿಕ ವರ್ಷದವರೆಗಿನ ಪ್ರವೇಶಕ್ಕೆ ವಿನಾಯಿತಿ ಕೊಟ್ಟಿತು. ಹೀಗಾಗಿ ಮುಂದಿನ ಓದಿಗೆ ಹಣ ಕಟ್ಟುವ ಮೊದಲು ಆ ಕೋರ್ಸಿಗೆ, ಆ ಸಂಸ್ಥೆಗೆ ಆರ್‌ಸಿಐ ಮಾನ್ಯತೆ ಇದೆಯೋ ಇಲ್ಲವೋ ಎಂದು ಪರಿಷತ್ತಿನ ಜಾಲತಾಣದಲ್ಲಿ ನೋಡಿಕೊಳ್ಳುವುದು ಪಾಲಕರ ಮೊದಲ ಕೆಲಸ. ಜಾಹೀರಾತು ನಂಬಿ ಹಣ ಕಟ್ಟಬಾರದು.

ಎಂ.ಎ. ಹಂತದ ಪೋಸ್ಟಿಂಗ್ ಈ ದೊಡ್ಡ ದಾರಿಯ ಮೊದಲ ಮೆಟ್ಟಿಲು. ಅಲ್ಲಿ ವಿದ್ಯಾರ್ಥಿ ಚಿಕಿತ್ಸೆ ಮಾಡುವವನಲ್ಲ, ಮಾರ್ಗದರ್ಶಕರ ಕೈಕೆಳಗೆ ನೋಡಿ ಕಲಿಯುವವನು.

ದಾರಿ ಎತ್ತ ಕಡೆ?

ಗಡಿಯ ಮಕ್ಕಳಿಗೆ ಎದುರಾಗುವ ಎರಡನೇ ಪ್ರಶ್ನೆ, ಯಾವ ಕಡೆ ಹೋಗಬೇಕು? ಮಹಾರಾಷ್ಟ್ರದಲ್ಲಿ ಹಳೆಯ ಪ್ರಾದೇಶಿಕ ಮನೋರುಗ್ಣಾಲಯಗಳು ನಾಲ್ಕು: ಪುಣೆಯ ಯರವಡಾ, ಠಾಣೆ, ನಾಗಪುರ, ರತ್ನಾಗಿರಿ. ಸೊಲ್ಲಾಪುರದ ಸಿವ್ಹಿಲ್ ಹಾಸ್ಪಿಟಲ್, ಮೀರಜದ ಸರ್ಕಾರಿ ವೈದ್ಯಕೀಯ ಕಾಲೇಜು ಇಂಥ ಕಡೆ ಮನೋರೋಗ ವಿಭಾಗಗಳಿವೆ. ಆಚೆ ಕರ್ನಾಟಕದಲ್ಲಿ ವಿಜಯಪುರ, ಕಲಬುರ್ಗಿಯ ವೈದ್ಯಕೀಯ ಕಾಲೇಜುಗಳಿವೆ. ಧಾರವಾಡದಲ್ಲಿ ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆ ಇದ್ದ ಜಾಗದಲ್ಲೇ ಇಂದು ಡಿಮ್ಹಾನ್ಸ್ ಇದೆ. ಹೊಸೂರಿನ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್ ಹತ್ತಿರ. ಕಾಸರಗೋಡಿನವರು ಉತ್ತರಕ್ಕೆ ಮಂಗಳೂರಿಗೋ ದಕ್ಷಿಣಕ್ಕೆ ಕೋಝಿಕ್ಕೋಡಿಗೋ ಹೋಗುತ್ತಾರೆ. ಆದವಾನಿ, ರಾಯದುರ್ಗದವರಿಗೆ ಬಳ್ಳಾರಿ ಬಗಲಲ್ಲೇ ಇದೆ.

ಬಳ್ಳಾರಿಯ ಹೆಸರು ಬಂದಿದ್ದರಿಂದ ಒಂದು ಮಾತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗ ಗುರುತಿಸುವುದನ್ನು ಕಲಿಸಿ, ರೋಗಿಗೆ ತನ್ನ ತಾಲೂಕಿನಲ್ಲೇ ಗುಳಿಗೆ ಸಿಗುವ ಹಾಗೆ ಮಾಡಿದರು. ಅದೇ 'ಬಳ್ಳಾರಿ ಮಾದರಿ' ಎನಿಸಿ, 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಇಂದು ದೇಶದ ಬೇರೆ ಬೇರೆ ಜಿಲ್ಲೆಗಳಲ್ಲಿ ನಡೆಯುವ ಈ ಕಾರ್ಯಕ್ರಮದ ಬೇರು ನಮ್ಮ ಗಡಿಯ ಮಣ್ಣಿನಲ್ಲಿದೆ.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಎಂ.ಎ. ಹಂತದ ಪೋಸ್ಟಿಂಗ್‌ಗೆ ಸಾಮಾನ್ಯವಾಗಿ ಪಗಾರ ಇರುವುದಿಲ್ಲ. ಕೆಲವು ಸಂಸ್ಥೆಗಳು ತಾವೇ ಶುಲ್ಕ ತೆಗೆದುಕೊಳ್ಳುತ್ತವೆ. ಮಹಾರಾಷ್ಟ್ರದ ಎಸ್.ಟಿ.ಯಲ್ಲಿ 2023ರ ಮಾರ್ಚ್‌ನಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್ ಬಂತು. ಕರ್ನಾಟಕದ ಶಕ್ತಿ ಯೋಜನೆ ಅದೇ ವರ್ಷದ ಜೂನ್‌ನಲ್ಲಿ ಬಂತು, ಆದರೆ ಅದು ಕರ್ನಾಟಕದ ನಿವಾಸಿ ಮಹಿಳೆಯರಿಗೆ, ಆ ರಾಜ್ಯದ ಒಳಗಿನ ಪ್ರಯಾಣಕ್ಕೆ. ಸೊಲ್ಲಾಪುರದ ಆಧಾರ್ ಇರುವ ಹುಡುಗಿ ವಿಜಯಪುರಕ್ಕೆ ಪೋಸ್ಟಿಂಗ್ ಹೋದರೆ ಗಡಿ ದಾಟಿದ ಮೇಲೆ ಪೂರ್ಣ ಟಿಕೆಟ್ಟೇ. ಮಾತು ಕನ್ನಡವಾದರೂ ಕಾಗದ ಮಹಾರಾಷ್ಟ್ರದ್ದು. ವಾರಕ್ಕೊಮ್ಮೆ ಊರಿಗೆ ಬಂದು ಹೋಗುವವರು ಇದನ್ನು ಲೆಕ್ಕದಲ್ಲಿ ಹಿಡಿಯಬೇಕು.

'ನಿಮ್ಮ ತ್ರಾಸ ಏನು?'

ಪೋಸ್ಟಿಂಗ್‌ನಲ್ಲಿ ಮೊದಲ ದಿನದಿಂದ ಕೈಗೆ ಬರುವ ಕೆಲಸ ಕೇಸ್ ಹಿಸ್ಟರಿ ಬರೆಯುವುದು. ಹೆಸರು, ವಯಸ್ಸು, ಶಿಕ್ಷಣ, ಉದ್ಯೋಗ, ಜೊತೆಗೆ ಬಂದವರು ಯಾರು, ಅವರ ಮಾತು ಎಷ್ಟು ನಂಬಬಹುದು, ತೊಂದರೆ ಏನು, ಯಾವಾಗಿನಿಂದ, ಹೇಗೆ ಸುರುವಾಯಿತು, ಮೊದಲು ಹೀಗೆ ಆಗಿತ್ತೇ, ಮನೆತನದಲ್ಲಿ ಯಾರಿಗಾದರೂ ಇತ್ತೇ, ರೋಗ ಬರುವ ಮುಂಚೆ ಸ್ವಭಾವ ಹೇಗಿತ್ತು. ಹೀಗೆ ಒಂದು ಕ್ರಮ ಇದೆ. ಮೂರು ತಲೆಮಾರಿನ ವಂಶವೃಕ್ಷ ಬರೆಯಬೇಕು. ರಕ್ತಸಂಬಂಧದ ಮದುವೆ ಇದ್ದರೆ ಗಂಡ-ಹೆಂಡತಿ ನಡುವೆ ಎರಡು ಗೆರೆ ಎಳೆಯುತ್ತಾರೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ನಮ್ಮ ಕಡೆ ಇರುವುದರಿಂದ ಈ ಎರಡು ಗೆರೆ ನಮ್ಮ ವಿದ್ಯಾರ್ಥಿಗಳ ವಹಿಯಲ್ಲಿ ಬಹಳ ಸಲ ಬರುತ್ತದೆ. ಹಾಗಾಗಿ ಸಂಬಂಧ ಕೇಳುವಾಗ "ಕಳ್ಳಬಳ್ಳಿ ಹ್ಯಾಂಗ್ರಿ?" ಎಂದರೆ ಹಳ್ಳಿಯವರು ತಟ್ಟನೆ ಹೇಳುತ್ತಾರೆ.

ಕೇಸ್ ಹಿಸ್ಟರಿಯ ಒಂದು ಮುಖ್ಯ ನಿಯಮ ಎಂದರೆ ರೋಗಿಯ ದೂರನ್ನು ರೋಗಿಯದೇ ಮಾತಿನಲ್ಲಿ ಬರೆಯಬೇಕು. ಗಡಿಯ ಕನ್ನಡಿಗರಿಗೆ ದೊಡ್ಡ ತೊಡಕು ಇರುವುದು ಇಲ್ಲಿಯೇ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಬರುವ ಹಿರಿಯರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಮರಾಠಿ ಬಾಜಾರಕ್ಕೆ ಸಾಕಾಗುವಷ್ಟೇ ಬರುವವರು ಬಹಳ. ಮನಸ್ಸಿನ ಸಂಕಟ ಹೇಳಲು ಆ ಮರಾಠಿ ಸಾಲುವುದಿಲ್ಲ. "ಎದಿ ಹಾರ್ತದ", "ನಿದ್ದಿ ಹತ್ತವಲ್ದು", "ಜೀವಕ್ಕ ಸಮಾಧಾನ ಇಲ್ಲ", "ತಲಿಯಾಗ ಗುಂಯ್ ಅಂತದ", "ಯಾವ್ದೂ ಬ್ಯಾಡಾಗ್ಯಾದ". ಇವೆಲ್ಲ ಕೇಸ್ ಪೇಪರ್ ಮೇಲೆ ಒಂದೇ ಇಂಗ್ಲಿಷ್ ಶಬ್ದವಾಗಿ ಕೂತುಬಿಡುತ್ತವೆ. ಎದೆ ಹಾರುವುದು ಭಯದ ಕಡೆ ಬೊಟ್ಟು ಮಾಡಬಹುದು, ಯಾವುದೂ ಬೇಡಾಗುವುದು ಖಿನ್ನತೆಯ ಕಡೆ ಬೊಟ್ಟು ಮಾಡಬಹುದು. ಎರಡಕ್ಕೂ ಮುಂದೆ ಕೇಳಬೇಕಾದ ಪ್ರಶ್ನೆಗಳು ಬೇರೆ.

ಎರಡೂ ಭಾಷೆಯಲ್ಲಿರುವ ಶಬ್ದಗಳೂ ಮೋಸ ಮಾಡುತ್ತವೆ. 'ಬೇಜಾರ' ಎಂದರೆ ಕನ್ನಡದವನಿಗೆ ಬೇಸರ, ದುಃಖ. ಮರಾಠಿಯಲ್ಲಿ ಅದೇ ಶಬ್ದಕ್ಕೆ ಕಾಟದಿಂದ ಸೋತು ಸುಣ್ಣವಾದ ಅರ್ಥ. 'ಕಾಳಜಿ' ಎಂದರೆ ಬೆಂಗಳೂರು ಕಡೆಯವರು ಆರೈಕೆ, ಆಸ್ಥೆ ಎಂದುಕೊಳ್ಳುತ್ತಾರೆ. ಮರಾಠಿಯಲ್ಲಿ ಅದಕ್ಕೆ ಚಿಂತೆ ಎಂಬ ಅರ್ಥವೂ ಇದ್ದು, ನಮ್ಮ ಕಡೆಯ ಕನ್ನಡದಲ್ಲೂ "ಮಗಂದೇ ಕಾಳಜಿ ಆಗ್ಯಾದ್ರಿ" ಎಂದರೆ ಚಿಂತೆ ಹತ್ತಿದೆ ಎಂದೇ. ಬೆಂಗಳೂರಿನ ಪುಸ್ತಕ ಓದಿ ಬಂದವರು ಇದನ್ನು ತಾಯಿಯ ಮಮತೆ ಎಂದು ಬರೆದುಕೊಂಡರೆ ರೋಗವೇ ತಪ್ಪಿಹೋದೀತು.

ಅಕ್ಕಲಕೋಟದ ನಮ್ಮ ವಿದ್ಯಾರ್ಥಿನಿ ಇದಕ್ಕೆ ಒಂದು ಒಳ್ಳೆಯ ತಯಾರಿ ಮಾಡಿಕೊಂಡಿದ್ದಾಳೆ. ನೂರು ಪುಟದ ವಹಿಯೊಂದರಲ್ಲಿ ಮೂರು ಕಾಲಮ್ ಹಾಕಿ, ಊರಿನ ಅಜ್ಜಿಯರು, ಅವ್ವ, ಚಿಗವ್ವಂದಿರು ತ್ರಾಸ ಆದಾಗ ಆಡುವ ಮಾತುಗಳನ್ನು ಕನ್ನಡದಲ್ಲಿ, ಪಕ್ಕದಲ್ಲಿ ಮರಾಠಿಯಲ್ಲಿ, ಅದರ ಪಕ್ಕದಲ್ಲಿ ಪುಸ್ತಕದ ಇಂಗ್ಲಿಷ್‌ನಲ್ಲಿ ಬರೆದಿಟ್ಟಿದ್ದಾಳೆ. "ಮೂರನೇ ಕಾಲಮ್ ಭಾಳ ಕಡೆ ಖಾಲಿ ಉಳದದ್ರಿ" ಅನ್ನುತ್ತಾಳೆ.

ಇದು ಬರೀ ಸೌಕರ್ಯದ ಮಾತಲ್ಲ, ಕಾನೂನಿನ ಮಾತೂ ಹೌದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ರೋಗ ಯಾವುದು, ಚಿಕಿತ್ಸೆ ಏನು ಎಂಬ ಮಾಹಿತಿಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ಕೊಡಬೇಕೆಂದು ಅದು ಹೇಳುತ್ತದೆ. ಸೊಲ್ಲಾಪುರದ ಕನ್ನಡ ರೋಗಿಗೂ ಕಾಸರಗೋಡಿನ ಕನ್ನಡ ರೋಗಿಗೂ ಈ ಹಕ್ಕು ಒಂದೇ.

ಭಾಷೆ ಬಾರದಿದ್ದಾಗ ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ದುಭಾಷಿ ಮಾಡುವುದು ಸುಲಭ. ಆದರೆ ಅತ್ತೆ ತನ್ನ ಮನಸ್ಸಿನ ನೋವನ್ನು ಸೊಸೆಯ ಬಾಯಿಂದ ಹೇಳಿಸಬೇಕೆಂದರೆ ಏನು ಹೇಳಿಯಾಳು? ಗಂಡನ ಕಾಟದಿಂದ ಬೇಸತ್ತವಳು ಗಂಡನ ಮುಂದೆ ಏನು ಬಾಯಿಬಿಟ್ಟಾಳು? ಅನಿವಾರ್ಯವಾದಾಗ ಭಾಷೆ ಬಲ್ಲ ಸಿಸ್ಟರರನ್ನೋ, ಸಹಪಾಠಿಯನ್ನೋ ಕೂರಿಸಿಕೊಳ್ಳಬೇಕು. ಸಣ್ಣ ಮಕ್ಕಳನ್ನಂತೂ ದುಭಾಷಿ ಮಾಡಬಾರದು.

ತಾರೀಖು ಗೊತ್ತಿಲ್ಲ, ಅಮಾಸಿ ಗೊತ್ತು

ಕೇಸ್ ಹಿಸ್ಟರಿ ಆದ ಮೇಲೆ ಮಾನಸಿಕ ಸ್ಥಿತಿಯ ಪರೀಕ್ಷೆ. ವೇಷಭೂಷಣ, ನಡೆ, ಮಾತಿನ ವೇಗ, ಮನಸ್ಥಿತಿ, ವಿಚಾರ, ಇಲ್ಲದ್ದು ಕಾಣುವುದು-ಕೇಳುವುದು, ನೆನಪು, ಏಕಾಗ್ರತೆ, ತನಗೆ ರೋಗ ಇದೆ ಎಂಬ ಅರಿವು. ಇವನ್ನೆಲ್ಲ ನೋಡಿ ಬರೆಯಬೇಕು.

ಇಂದು ಯಾವ ತಾರೀಖು ಎಂದು ಕೇಳುವುದು ರೂಢಿ. ಶಾಲೆ ಕಾಣದ ಅಜ್ಜನಿಗೆ ತಾರೀಖು ಗೊತ್ತಿಲ್ಲದಿದ್ದರೆ ಬುದ್ಧಿ ಮಂಕಾಗಿದೆ ಎಂದಲ್ಲ. ಅಮವಾಸ್ಯೆ ಆಗಿ ಎಷ್ಟು ದಿನ, ಇಂದು ಯಾವ ಊರ ಸಂತೆ, ಜೋಳ ಬಿತ್ತಿದ್ದು ಆಯಿತೋ ಇಲ್ಲವೋ ಎಂದು ಕೇಳಿದರೆ ಕಾಲದ ಅರಿವು ತಿಳಿಯುತ್ತದೆ. ನೂರರಿಂದ ಏಳೇಳು ಕಳೆಯಿರಿ ಎಂಬುದು ಓದಿದವರಿಗೆ. ಓದದವರಿಗೆ ಇಪ್ಪತ್ತರಿಂದ ಒಂದೊಂದು ಇಳಿಸಲು ಹೇಳಬಹುದು, ಇಲ್ಲವೇ ಬಾಜಾರದ ಚಿಲ್ಲರೆ ಲೆಕ್ಕ ಕೇಳಬಹುದು.

ವಿಚಾರಶಕ್ತಿ ನೋಡಲು ಗಾದೆಯ ಅರ್ಥ ಕೇಳುವ ಪದ್ಧತಿ ಇದೆ. ಇಂಗ್ಲಿಷ್ ಪುಸ್ತಕದ ಗಾದೆ ಅನುವಾದಿಸಿ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ನಮಗೆ ಗಾದೆಗೇನು ಬರವೇ? 'ಹಾಸಿಗೆ ಇದ್ದಷ್ಟು ಕಾಲು ಚಾಚು' ಇದೆ, ಮರಾಠಿಯವರಿಗೆ ಅದೇ ಅರ್ಥದ 'ಅಂಥರೂಣ ಪಾಹೂನ ಪಾಯ ಪಸರಾವೇ' ಇದೆ. ಹಾಸಿಗೆ ಮತ್ತು ಕಾಲಿನ ಬಗ್ಗೆಯೇ ಹೇಳುತ್ತ ಕುಳಿತರೆ ಒಂದು ಲೆಕ್ಕ, ಗಳಿಕೆ-ಖರ್ಚಿನ ಮಾತು ಎತ್ತಿದರೆ ಇನ್ನೊಂದು ಲೆಕ್ಕ. ಇಂಥ ಹತ್ತು ಗಾದೆ ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡು ಹೋದ ವಿದ್ಯಾರ್ಥಿಗೆ ವಾರ್ಡಿನಲ್ಲಿ ತಡವರಿಸುವ ಪ್ರಸಂಗ ಬರುವುದಿಲ್ಲ.

ಕನ್ನಡ-ಮರಾಠಿ ಮಕ್ಕಳಿಗಾಗಿ ಹುಟ್ಟಿದ ಪರೀಕ್ಷೆ

ಬುದ್ಧಿಶಕ್ತಿ ಅಳೆಯುವ ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳ ಕೈಗೆ ಬರುವ ಒಂದರ ಹೆಸರು ಬಿನೆ-ಕಾಮತ್ ಪರೀಕ್ಷೆ. ಫ್ರಾನ್ಸಿನ ಬಿನೆ ಮಾಡಿದ್ದನ್ನು ಅಮೆರಿಕದವರು ತಿದ್ದಿಕೊಂಡರು, ಅದನ್ನು ವಿ.ವಿ. ಕಾಮತರು ನಮ್ಮ ಮಕ್ಕಳಿಗೆ ಹೊಂದಿಸಿದರು. 1934ರಲ್ಲಿ ಇಂಗ್ಲೆಂಡಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನದ ತಲೆಬರಹದಲ್ಲೇ ಇದು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳ ಪರೀಕ್ಷೆ ಎಂದಿದೆ. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಸೊಲ್ಲಾಪುರ ಎಲ್ಲ ಒಂದೇ ಮುಂಬೈ ಪ್ರಾಂತದಲ್ಲಿದ್ದವು. ಈ ಎರಡು ಭಾಷೆ ಒಟ್ಟಿಗೆ ಆಡುವ ನಾಡಿನ ಮಕ್ಕಳಿಗಾಗಿಯೇ ಹುಟ್ಟಿದ ಪರೀಕ್ಷೆಯನ್ನು ಮುಂದೆ ದೇಶದ ಬೇರೆ ಕಡೆಯವರೂ ಬಳಸಿದರು. ಆದರೆ ಅದರ ಮಾನದಂಡಗಳು ಹಳೆಯವು ಎಂಬುದನ್ನು ಮರೆಯಬಾರದು. ಹಾಗಾಗಿ ಒಂದೇ ಪರೀಕ್ಷೆಯ ಅಂಕ ನೋಡಿ ಮಗುವಿನ ಹಣೆಬರಹ ಬರೆಯುವಂತಿಲ್ಲ. ನಾಗಪುರದಲ್ಲಿ ಎ.ಜೆ. ಮಾಲಿನ್ ರೂಪಿಸಿದ ಮಕ್ಕಳ ಪರೀಕ್ಷೆ, ಮಾತು ಕಡಿಮೆ ಬೇಕಾಗುವ ಭಾಟಿಯಾ ಪರೀಕ್ಷೆ ಇವನ್ನೂ ಕಲಿಸುತ್ತಾರೆ.

ಪರೀಕ್ಷೆಯ ಹಿಂದೆ ಮನೆಯವರ ಆಸೆಯೂ ಇರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಬೌದ್ಧಿಕ ನ್ಯೂನತೆ, ಮಾನಸಿಕ ಕಾಯಿಲೆ, ಕಲಿಕಾ ನ್ಯೂನತೆ ಸೇರಿ 21 ಬಗೆಯ ನ್ಯೂನತೆಗಳಿವೆ. ಶೇ. 40 ಇಲ್ಲವೇ ಹೆಚ್ಚಿನ ನ್ಯೂನತೆ ಇದ್ದರೆ ಮೀಸಲಾತಿಯಂಥ ಹೆಚ್ಚಿನ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. "ಸ್ವಲ್ಪ ನಂಬರ್ ಕಡಿಮಿ ಹಾಕ್ರಿ ಮೇಡಂ, ಪೆನ್ಶನ್ ಆಗ್ತದ" ಎಂದು ಪಾಲಕರು ಕೈಮುಗಿದರೆ ಹೊಸ ವಿದ್ಯಾರ್ಥಿ ಕರಗುತ್ತಾನೆ. ಪ್ರಮಾಣಪತ್ರ ಕೊಡುವುದು ನೇಮಿತ ವೈದ್ಯಕೀಯ ಪ್ರಾಧಿಕಾರ, ವಿದ್ಯಾರ್ಥಿ ಅಲ್ಲ. ಅವನು ಮಾಡಬೇಕಾದ್ದು ಕಂಡದ್ದನ್ನು ಕಂಡಂತೆ ಬರೆದು ಮಾರ್ಗದರ್ಶಕರ ಮುಂದೆ ಇಡುವುದು.

ನಮ್ಮೂರವರೇ ಎದುರು ಬಂದರೆ?

ಪುಣೆ-ಮುಂಬೈ ಮಕ್ಕಳಿಗೆ ಅಪರೂಪವಾದ, ನಮ್ಮ ಮಕ್ಕಳಿಗೆ ತಪ್ಪದ ಒಂದು ಪೇಚು ಇದೆ. ತಾಲೂಕು ಸಣ್ಣದು, ಕನ್ನಡದ ಮನೆಗಳು ಒಂದಕ್ಕೊಂದು ಗೊತ್ತು. ಓಪಿಡಿಯಲ್ಲಿ ಕುಳಿತಾಗ ಊರ ಗೌಡರ ಸೊಸೆಯೋ, ದೂರದ ಅತ್ತೆಯೋ ಕೇಸ್ ಪೇಪರ್ ಹಿಡಿದು ಬಾಗಿಲಲ್ಲಿ ನಿಂತರೆ ಏನು ಮಾಡಬೇಕು?

ಕ್ರಮ ಹೀಗಿದೆ. ಪರಿಚಯ ಇದೆ ಎಂದು ಮಾರ್ಗದರ್ಶಕರಿಗೆ ತಕ್ಷಣ ತಿಳಿಸಿ, ಆ ಕೇಸನ್ನು ಬೇರೆಯವರಿಗೆ ಬಿಡಬೇಕು. ಕಂಡದ್ದನ್ನು ಮನೆಯಲ್ಲಿ ಅವ್ವನ ಮುಂದೆಯೂ ಆಡಬಾರದು. ಮುಂದೆ ಜಾತ್ರೆಯಲ್ಲೋ ಲಗ್ನದಲ್ಲೋ ಎದುರಾದರೆ ತಾನಾಗಿ ಆರಾಮ ಕೇಳಬಾರದು, ಅವರೇ ಮಾತಾಡಿಸಿದರೆ ಮಾತಾಡಿಸಿದಷ್ಟೇ ಉತ್ತರ. ರೋಗಿಯ ಗುಟ್ಟು ಕಾಪಾಡುವುದು 2017ರ ಕಾಯ್ದೆಯಲ್ಲಿ ಬರೆದ ಹಕ್ಕು. ಒಂದು ಮಾತು ಹೊರಬಿದ್ದರೆ ಒಂದು ಲಗ್ನ ಮುರಿಯಬಹುದು, ಒಂದು ಮನೆಗೆ ನೀರು ನಿಲ್ಲಬಹುದು. ಹೀಗಾಗಿ ವಾರ್ಡಿನಲ್ಲಿ ಫೋಟೋ ತೆಗೆಯುವುದು, ವಾಟ್ಸಾಪ್ ಸ್ಟೇಟಸ್ ಹಾಕುವುದು ಸಲ್ಲದು. ವಹಿಯಲ್ಲಿ ರೋಗಿಯ ಹೆಸರು, ಊರು ಬರೆಯದೆ ಗುರುತಿನ ಅಕ್ಷರ ಮಾತ್ರ ಬರೆಯಬೇಕು. ಆ ವಹಿಯನ್ನು ಬಸ್ಸಿನಲ್ಲಿ ತೆರೆಯಬಾರದು.

ರೋಗಿಗಳು ಪ್ರೀತಿಯಿಂದ ಮೊಬೈಲ್ ನಂಬರ್ ಕೇಳುತ್ತಾರೆ, ಶೇಂಗಾ ಹೋಳಿಗೆ ತರುತ್ತಾರೆ, ಬಸ್ ಚಾರ್ಜಿಗೆ ಹಣ ಕೇಳುತ್ತಾರೆ. ನಂಬರ್ ಕೊಡುವುದು, ಹಣದ ವ್ಯವಹಾರ ಎರಡೂ ಬೇಡ. ಸಮಾಧಾನದಿಂದ ಬೇಡ ಎನ್ನುವುದನ್ನೂ ಪೋಸ್ಟಿಂಗ್‌ನಲ್ಲೇ ಕಲಿಯಬೇಕು.

ಕೇಳಲು ಅಂಜಬಾರದ ಪ್ರಶ್ನೆ

ಹೊಸಬರಿಗೆ ಬಾಯಿಂದ ಹೊರಡದ ಪ್ರಶ್ನೆ ಒಂದಿದೆ. "ಜೀವ ಬ್ಯಾಡ ಅನಸ್ತದೇನ್ರಿ? ಸಾಯಬೇಕಂತ ಇಚಾರ ಬಂದಾವೇನು?" ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಹಲವರಿಗೆ. ಹಾಗಾಗುವುದಿಲ್ಲ ಎಂದು ಈ ಕ್ಷೇತ್ರದ ಅಧ್ಯಯನಗಳು ತೋರಿಸಿವೆ. ಬಹಳ ಜನ, ಯಾರಾದರೂ ಕೇಳಿದರಲ್ಲ ಎಂದು ಹಗುರಾಗುತ್ತಾರೆ. ಹೌದು ಎಂದರೆ ವಿದ್ಯಾರ್ಥಿ ರೋಗಿಯನ್ನು ಒಬ್ಬರನ್ನೇ ಬಿಟ್ಟು ಏಳಬಾರದು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಬಾರದು, ಆ ಹೊತ್ತಿನಲ್ಲೇ ಮಾರ್ಗದರ್ಶಕರನ್ನು ಕರೆಯಬೇಕು. ಗುಟ್ಟು ಕಾಯುವ ನಿಯಮಕ್ಕೆ ಜೀವದ ಪ್ರಶ್ನೆ ಬಂದಾಗ ವಿನಾಯಿತಿ ಇದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂಬುದು 2017ರ ಕಾಯ್ದೆಯ ಕಲಂ 115ರ ತಾತ್ಪರ್ಯ. ಬರಗಾಲ, ಸಾಲ ಎರಡನ್ನೂ ಕಂಡ ಜತ್ತದಂಥ ತಾಲೂಕಿನ ಮನೆಗಳಿಗೆ ಈ ಕಲಂ ಗೊತ್ತಿರಬೇಕು.

ಗಾಣಗಾಪುರ ಮುಗಿಸಿ ಬರುವವರು

ನಮ್ಮ ಕಡೆ ರೋಗಿ ದವಾಖಾನೆಗೆ ಬರುವಷ್ಟರಲ್ಲಿ ಎಷ್ಟೋ ಸಲ ಗಾಣಗಾಪುರ, ದರ್ಗಾ, ದೇವರ ಹೇಳಿಕೆ ಎಲ್ಲ ಮುಗಿದಿರುತ್ತದೆ. 'ಹೊರಗಿಂದು ಆಗ್ಯಾದ', 'ಭಾನಾಮತಿ ಮಾಡ್ಯಾರ' ಎಂಬ ಮಾತು ಬಂದಾಗ ವಿದ್ಯಾರ್ಥಿ ನಗಬಾರದು, ವಾದಕ್ಕೂ ಇಳಿಯಬಾರದು. ಎಲ್ಲೆಲ್ಲಿ ತೋರಿಸಿದಿರಿ, ಏನು ಅನಿಸಿತು, ಎಷ್ಟು ದಿನ ಗುಣ ಕಂಡಿತು ಎಂದು ಕೇಳಿ ಬರೆದುಕೊಳ್ಳಬೇಕು. ದೇವರಿಗೆ ಹೋಗುವವರು ಹೋಗಲಿ, ಗುಳಿಗೆ ಬಿಡದಿದ್ದರೆ ಸಾಕು ಎಂಬುದೇ ವ್ಯವಹಾರದ ಮಾತು.

ಆದರೆ ಹೊಡೆಯುವುದು, ಕಟ್ಟಿಹಾಕುವುದು ಬಂದರೆ ಸುಮ್ಮನಿರುವಂತಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು, 28 ಜನ ಸತ್ತರು. 2017ರ ಕಾಯ್ದೆ ರೋಗಿಗೆ ಯಾವ ರೀತಿಯಿಂದಲೂ ಸರಪಳಿ ಹಾಕಕೂಡದು ಎನ್ನುತ್ತದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು ಮಹಾರಾಷ್ಟ್ರದ 2013ರ ಜಾದೂಟೋಣಾ ವಿರೋಧಿ ಕಾಯ್ದೆಯಲ್ಲಿ ಅಪರಾಧ. ಇಂಥದ್ದು ಕಂಡರೆ ಬರೆದು ಮಾರ್ಗದರ್ಶಕರಿಗೆ ಒಪ್ಪಿಸಬೇಕು.

ಇನ್ನೊಂದು ಸಂಗತಿ ಸುಗ್ಗಿಯದು. ಕಬ್ಬು ಕಡಿಯುವ ಟೋಳಿಯ ಜೊತೆ ತಿಂಗಳುಗಟ್ಟಲೆ ಊರು ಬಿಡುವ ರೋಗಿ ಮುಂದಿನ ತಾರೀಖಿಗೆ ಬರುವುದಿಲ್ಲ. ಗುಳಿಗೆ ತಪ್ಪಿ ರೋಗ ತಿರುಗಿ ಬೀಳುತ್ತದೆ. "ಯಾಕ ಬರಲಿಲ್ಲ" ಎಂದು ಬೈಯುವ ಮೊದಲು "ಟೋಳಿ ಯಾವಾಗ ಹೊಂಡ್ತದ, ಯಾವ ಫ್ಯಾಕ್ಟರಿಗೆ" ಎಂದು ಕೇಳಿಕೊಂಡರೆ ಡಾಕ್ಟರರು ಅದಕ್ಕೆ ತಕ್ಕಂತೆ ವ್ಯವಸ್ಥೆ ಮಾಡಬಹುದು. ಇದು ಹಳ್ಳಿಯಿಂದ ಬಂದ ವಿದ್ಯಾರ್ಥಿಗೇ ಹೊಳೆಯುವ ಪ್ರಶ್ನೆ.

ಕನ್ನಡದವರಿಗೆ ಹೊಸದಲ್ಲ

ಈ ವಿದ್ಯೆ ಕನ್ನಡದವರಿಗೆ ಪರಕೀಯ ಎಂದು ಯಾರೂ ತಿಳಿಯಬೇಕಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಬಾನುಲಿ ಶುರುಮಾಡಿದವರು. ಬೆಂಗಳೂರಿನಲ್ಲಿ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ಡಾ. ಸಿ.ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಬರೆದ ಕನ್ನಡ ಪುಸ್ತಕಗಳು ಬಹಳ. ಪೋಸ್ಟಿಂಗ್‌ಗೆ ಹೋಗುವ ಮೊದಲು ಅಂಥ ಒಂದೆರಡು ಓದಿಕೊಂಡರೆ, ಇಂಗ್ಲಿಷ್‌ನಲ್ಲಿ ಕಲಿತದ್ದನ್ನು ರೋಗಿಯ ಮನೆಯವರಿಗೆ ಹೇಗೆ ತಿಳಿಸಿ ಹೇಳಬೇಕೆಂಬುದು ಗೊತ್ತಾಗುತ್ತದೆ.

ಚೀಲದಲ್ಲಿ ಏನೇನು?

ಕಾಲೇಜಿನ ಪತ್ರ, ಬೋನಾಫೈಡ್, ಗುರುತಿನ ಚೀಟಿ, ಆಧಾರ್ ಝೇರಾಕ್ಸ್, ನಾಲ್ಕು ಫೋಟೋ ಬೇಕು. ದಿನದಿನದ ಕೆಲಸ ಬರೆದು ಸಹಿ ಮಾಡಿಸುವ ಲಾಗ್ ಬುಕ್ ಇರಲಿ. ಅಂದಂದಿನ ಸಹಿ ಅಂದೇ ಆಗಬೇಕು, ಕೊನೆಯ ವಾರಕ್ಕೆ ಉಳಿಸಿದರೆ ಪಜೀತಿ. ಬಟ್ಟೆ ಸಾದಾ ಇರಲಿ, ಉದ್ದನೆಯ ದಾವಣಿ, ಕೊರಳ ಸರ ವಾರ್ಡಿನಲ್ಲಿ ಬೇಡ. ಕೋಣೆಯಲ್ಲಿ ಬಾಗಿಲಿಗೆ ಹತ್ತಿರದ ಖುರ್ಚಿ ಹಿಡಿಯುವುದು ಒಳ್ಳೆಯದು. ರೋಗಿ ಅಂದರೆ ಹೊಡೆಯುವವರು ಎಂಬ ಹೆದರಿಕೆ ಮಾತ್ರ ಬೇಡ, ಬಹುಪಾಲು ರೋಗಿಗಳು ಯಾರ ಮೇಲೂ ಕೈ ಎತ್ತುವವರಲ್ಲ. ವಾರ್ಡಿನ ಸಿಸ್ಟರರು, ಮಾವಶಿಯವರು ರೋಗಿಯನ್ನು ರಾತ್ರಿ-ಹಗಲು ಕಂಡವರು. ಅವರನ್ನು ಗೌರವದಿಂದ ಕೇಳಿದರೆ ಅರ್ಧ ಕೇಸ್ ಹಿಸ್ಟರಿ ಅವರಿಂದಲೇ ಸಿಗುತ್ತದೆ. ಸಂಜೆ ಮನಸ್ಸು ಭಾರವಾದರೆ ಅದೂ ಸಹಜ. ಮಾರ್ಗದರ್ಶಕರ ಮುಂದೆ ಹೇಳಿಕೊಳ್ಳಬೇಕು, ನುಂಗಿಕೊಂಡು ಕೂರಬಾರದು.

ಕನ್ನಡ ಸಂಘಗಳು, ಕನ್ನಡ ಶಾಲೆಯ ಗುರುಗಳು ಮನಸ್ಸು ಮಾಡಿದರೆ ಒಂದು ಕೆಲಸ ಆಗುತ್ತದೆ. ಗಡಿಯ ಹಳ್ಳಿಗಳಲ್ಲಿ ಆಡುವ ನೋವಿನ ಮಾತುಗಳನ್ನು ಕೂಡಿಸಿ, ಕನ್ನಡ-ಮರಾಠಿ-ಇಂಗ್ಲಿಷ್‌ನಲ್ಲಿ ಸಣ್ಣ ಹೊತ್ತಿಗೆ ಮಾಡಿ ಸಿವ್ಹಿಲ್ ಹಾಸ್ಪಿಟಲ್‌ಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೊಡಬಹುದು. ಕಾಸರಗೋಡಿನಲ್ಲಿ ಮಲಯಾಳ, ಆದವಾನಿಯಲ್ಲಿ ತೆಲುಗು, ತಾಳವಾಡಿಯಲ್ಲಿ ತಮಿಳು ಸೇರಿಸಿದರಾಯಿತು. ಅಕ್ಕಲಕೋಟದ ವಿದ್ಯಾರ್ಥಿನಿ ತನ್ನ ವಹಿಯ ಝೇರಾಕ್ಸ್ ಕೊಡಲು ತಯಾರಿದ್ದಾಳೆ. ತಂದೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದಾರೆ, ಸೋಮವಾರ ತಾವೇ ಬಿಟ್ಟು ಬರಲು ಹೊರಟಿದ್ದಾರೆ.

ಮನೆಯಲ್ಲಿ ಯಾರಿಗಾದರೂ ಮನಸ್ಸಿನ ತೊಂದರೆ ಇದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಸುರುವಾದ ಈ ಸೇವೆ ಹಗಲು-ರಾತ್ರಿ ನಡೆಯುತ್ತದೆ. ಹಣ ಬೀಳುವುದಿಲ್ಲ, ಕನ್ನಡ, ಮರಾಠಿ ಎರಡರಲ್ಲೂ ಸೇವೆ ಇದೆ. ನಂಬರ್ 14416. ಫೋನ್ ಎತ್ತಿದವರಿಗೆ ಮೊದಲೇ "ನನಗ ಕನ್ನಡದಾಗ ಮಾತಾಡೋದದ" ಎಂದು ಹೇಳಬೇಕು.